ಮಣ್ಣು ಮಾಡಿದವರ ಲೆಕ್ಕ: ಇಂಗ್ಲೆಂಡಿನ ರಿಜಿಸ್ಟರುಗಳಲ್ಲಿ ಪೂರ್ವಿಕರ ಹುಡುಕಾಟ

ಇಂಗ್ಲೆಂಡಿನ ಚರ್ಚುಗಳೂ ಪೌರಸಂಸ್ಥೆಗಳೂ ಇಟ್ಟುಕೊಂಡು ಬಂದ ಸಮಾಧಿ ರಿಜಿಸ್ಟರುಗಳಲ್ಲಿ ಎಷ್ಟೋ ಈಗ ಕಂಪ್ಯೂಟರಿನಲ್ಲೇ ಸಿಗುತ್ತವೆ. ಹೆಸರು, ಊರು, ಇಸವಿ ಕೊಟ್ಟರೆ ಪಟ್ಟಿ ಬರುತ್ತದೆ. ಬೇಕಾದ ಹೆಸರೊಂದೇ ಅದರಲ್ಲಿ ಇಲ್ಲದಿರುವುದೂ ಅಷ್ಟೇ ಮಾಮೂಲು. ತಪ್ಪೆಲ್ಲ ಸಾಫ್ಟ್‌ವೇರಿನದು ಎನ್ನುವ ಮೊದಲು ಆ ಪುಸ್ತಕವನ್ನು ಯಾರು, ಯಾತಕ್ಕಾಗಿ ಬರೆದರು ಎಂದು ಕೇಳಬೇಕು. ಮರಿಮಕ್ಕಳಿಗೆ ಅನುಕೂಲವಾಗಲಿ ಎಂದು ಅದನ್ನು ಬರೆದವರು ಯಾರೂ ಇಲ್ಲ.

ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಿಂದ ಇದು ಶುರು: ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಪ್ರತಿ ಪ್ಯಾರಿಷ್ಷೂ, ಎಂದರೆ ಒಂದು ಚರ್ಚಿಗೆ ಸೇರಿದ ಪ್ರದೇಶವೂ, ವಾರವಾರ ಬರೆದಿಡಬೇಕು. ಬಹಳ ಕಡೆ ಬರೆದದ್ದು ಕಾಗದದ ಹಾಳೆಗಳ ಮೇಲೆ. ಎಲ್ಲವನ್ನೂ ಚರ್ಮದ ಹಾಳೆಯ ಪುಸ್ತಕಕ್ಕೆ ಇಳಿಸಿ ಎಂಬ ಅಪ್ಪಣೆ 1598ರಲ್ಲಿ ಬಂತು. ಆದರೆ ಅದರಲ್ಲಿ ‘ವಿಶೇಷವಾಗಿ ರಾಣಿ ಎಲಿಜಬೆತ್ ಪಟ್ಟಕ್ಕೆ ಬಂದಂದಿನಿಂದ’ ಎಂಬ ಅರ್ಥದ ಮಾತೊಂದು ಸೇರಿತ್ತು. ನಕಲು ಮಾಡುವವರಿಗೆ ಅಷ್ಟು ಸಾಕಾಯಿತು, ಹಿಂದಿನ ಇಪ್ಪತ್ತು ವರ್ಷವನ್ನು ಕೈಬಿಟ್ಟರು. ಹಿಂದಕ್ಕೆ ಹುಡುಕುತ್ತ ಹೋದರೆ ಎಷ್ಟೋ ಪ್ಯಾರಿಷ್ಷುಗಳ ದಾಖಲೆ 1558ಕ್ಕೇ ನಿಂತುಬಿಡುವುದು ಇದರಿಂದ. ಅದೇ ಅಪ್ಪಣೆಯಂತೆ ವರ್ಷಕ್ಕೊಂದು ಪ್ರತಿ ಬಿಷಪ್ಪರ ಕಚೇರಿಗೂ ಹೋಗಬೇಕಿತ್ತು. ಮೂಲ ಪುಸ್ತಕ ಒದ್ದೆಯಾಗಿಯೋ ಇಲಿ ಕಡಿದೋ ಹಾಳಾಗಿದ್ದರೆ ಈ ಪ್ರತಿಯೇ ಗತಿ. ಎರಡೂ ಉಳಿದಿದ್ದರೆ ಎರಡನ್ನೂ ನೋಡಿ; ಒಂದರಲ್ಲಿ ಮಸುಕಾದ ಹೆಸರು ಇನ್ನೊಂದರಲ್ಲಿ ಸ್ಪಷ್ಟವಾಗಿ ಇರುವುದುಂಟು.

ಆಮೇಲೆ ಬಂದ ಒಂದೊಂದು ಕಾನೂನೂ ಪುಟದ ಮೇಲೆ ತನ್ನ ಕಲೆ ಬಿಟ್ಟಿದೆ. ಉಣ್ಣೆ ವ್ಯಾಪಾರಕ್ಕೆ ಆಸರೆಯಾಗಲಿ ಎಂದು 1666 ಮತ್ತು 1678ರ ಕಾಯ್ದೆಗಳು ಶವಕ್ಕೆ ಉಣ್ಣೆ ಬಟ್ಟೆಯನ್ನೇ ಸುತ್ತಬೇಕೆಂದವು. ಪ್ರಮಾಣಪತ್ರ ಕೊಡಬೇಕು, ತಪ್ಪಿದರೆ 5 ಪೌಂಡ್ ದಂಡ. ಹೆಸರಿನ ಪಕ್ಕದಲ್ಲಿ ‘ಅಫಿಡವಿಟ್’ ಎಂಬುದರ ಗಿಡ್ಡರೂಪ ಕಂಡರೆ ಅದು ಮನೆತನದ ಹೆಸರಲ್ಲ, ಉಣ್ಣೆಯ ಲೆಕ್ಕ. 1783ರಲ್ಲಿ ಪ್ರತಿ ನಮೂದಿಗೂ 3 ಪೆನ್ಸ್ ಸುಂಕ ಬಂತು, ಬಡವರಿಗೆ ಮಾತ್ರ ವಿನಾಯಿತಿ. ಅಲ್ಲಿಂದ ‘ಪಿ’ ಅಕ್ಷರ, ಎಂದರೆ ಪಾಪರ್ (ಬಡವ) ಎಂಬ ಗುರುತು, ಹೆಚ್ಚಿತು. 1794ರಲ್ಲಿ ಸುಂಕ ಹೋಯಿತು. ಈ ಹನ್ನೊಂದು ವರ್ಷಗಳ ‘ಪಿ’ ನೋಡಿ ಪೂರ್ವಿಕರು ನಿರ್ಗತಿಕರಾಗಿದ್ದರು ಎಂದು ತೀರ್ಮಾನಿಸಬೇಡಿ. ಪಾದ್ರಿಯ ಔದಾರ್ಯವೂ ಇರಬಹುದು.

ತಾರೀಖಿನಲ್ಲೂ ಒಂದು ತೊಡಕಿದೆ. 1752ರ ಮೊದಲು ಅಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದುದು ಮಾರ್ಚ್ 25ಕ್ಕೆ. ರಿಜಿಸ್ಟರಿನ 1720ರ ಫೆಬ್ರವರಿ 10 ನಮ್ಮ ಎಣಿಕೆಯಲ್ಲಿ 1721. ಪಟ್ಟಿ ಮಾಡಿದವರಲ್ಲಿ ಕೆಲವರು ತಿದ್ದಿದ್ದಾರೆ, ಕೆಲವರು ಇದ್ದಂತೆ ಬಿಟ್ಟಿದ್ದಾರೆ. ಆ ಕಾಲದ ಹುಡುಕಾಟಕ್ಕೆ ಹಿಂದೆ ಮುಂದೆ ಒಂದು ವರ್ಷ ಸೇರಿಸಿಕೊಳ್ಳುವುದು ಕ್ಷೇಮ.

ಸಂಸತ್ ಸದಸ್ಯ ಜಾರ್ಜ್ ರೋಸ್ ತಂದ 1812ರ ಕಾಯ್ದೆಯಿಂದ 1813ರ ಜನವರಿ 1ಕ್ಕೆ ಅಚ್ಚಿನ ನಮೂನೆ ಬಳಕೆಗೆ ಬಂತು. ಪುಟಕ್ಕೆ ಎಂಟು ನಮೂದು. ಖಾನೆಗಳು ಐದೇ: ಹೆಸರು, ವಾಸಸ್ಥಳ, ಹೂತ ದಿನ, ವಯಸ್ಸು, ಸಂಸ್ಕಾರ ಮಾಡಿದ ಪಾದ್ರಿ. ಸತ್ತ ದಿನಕ್ಕಾಗಲಿ, ತಂದೆತಾಯಿಗಾಗಲಿ, ಸಾವಿನ ಕಾರಣಕ್ಕಾಗಲಿ ಖಾನೆಯಿಲ್ಲ. ವಯಸ್ಸು ಎಂದರೆ ಶವದೊಡನೆ ಬಂದವರು ಹೇಳಿದಷ್ಟು. ‘3 ವಾರ’ ಎಂಬುದರಲ್ಲಿ ವಾರ ಸೂಚಿಸುವ ಒಂಟಿ ಅಕ್ಷರ ಮಾಸಿ, ಟೈಪು ಮಾಡಿದವರು ಮೂರು ವರ್ಷ ಎಂದುಕೊಂಡರೆ ಹಸುಗೂಸು ತಪ್ಪು ವರ್ಷದಲ್ಲಿ ಹುಟ್ಟಿದಂತಾಗುತ್ತದೆ. ಹಾಗಾಗಿ ಪುಟದ ಚಿತ್ರ ಸಿಗುವಾಗ ಟೈಪು ಮಾಡಿದ ಸಾಲನ್ನಷ್ಟೇ ನಂಬುವುದು ತರವಲ್ಲ.

1837ರ ಜುಲೈ 1ರಿಂದ ಸಾವಿನ ನೋಂದಣಿ ಸರ್ಕಾರದ ಕೈಗೂ ಬಂತು. ಅದರ ಸೂಚಿ ಮೂರು ತಿಂಗಳಿಗೊಂದು ಕಂತು. ಸತ್ತ ದಿನವಲ್ಲ, ನೋಂದಾಯಿಸಿದ ದಿನ ಲೆಕ್ಕಕ್ಕೆ. ಮಾರ್ಚ್ ಕೊನೆಯಲ್ಲಿ ತೀರಿಕೊಂಡವರು ಜೂನ್ ಕಂತಿನಲ್ಲಿ ಸಿಕ್ಕರೆ ಅಚ್ಚರಿಯಿಲ್ಲ.

ದೊಡ್ಡ ತಿರುವು ಬಂದದ್ದು 1850ರ ದಶಕದಲ್ಲಿ. ಪಟ್ಟಣಗಳ ಚರ್ಚ್ ಅಂಗಳಗಳು ತುಂಬಿ ತುಳುಕುತ್ತಿದ್ದವು, ಕಾಲರಾ ಮತ್ತೆ ಮತ್ತೆ ಬಂದಿತ್ತು. 1852ರಿಂದ 1857ರವರೆಗಿನ ಸಮಾಧಿ ಕಾಯ್ದೆಗಳು ಹಳೆಯ ಅಂಗಳಗಳನ್ನು ಮುಚ್ಚಿಸಿದವು, ಸ್ಥಳೀಯ ಮಂಡಳಿಗಳಿಗೆ ಹೊಸ ಸ್ಮಶಾನ ತೆರೆಯುವ ಅಧಿಕಾರ ಕೊಟ್ಟವು. ಊರಿನ ಚರ್ಚ್ ಪುಸ್ತಕದಲ್ಲಿ ಒಂದು ಕುಟುಂಬ ಆ ಹೊತ್ತಿಗೆ ಒಮ್ಮೆಲೇ ಮಾಯವಾದರೆ ಅವರು ಊರು ಬಿಟ್ಟರು ಎಂದುಕೊಳ್ಳಬೇಡಿ. ಊರಾಚೆಯ ಹೊಸ ಸ್ಮಶಾನದ ಪುಸ್ತಕ ನೋಡಿ.

ಆ ಪುಸ್ತಕದ ಸ್ವಭಾವವೇ ಬೇರೆ. ಮಂಡಳಿಗೆ ಬೇಕಿದ್ದದ್ದು ಜಾಗದ ಲೆಕ್ಕ: ಯಾವ ಗುಂಡಿ, ಎಷ್ಟು ಆಳ, ಯಾರ ಹಕ್ಕು. ಹೀಗಾಗಿ ದಿನಾಂಕದಂತೆ ಸಾಗುವ ಸಮಾಧಿ ರಿಜಿಸ್ಟರು ಒಂದು, ಗುಂಡಿಯ ಸಂಖ್ಯೆಯಂತೆ ಸಾಗುವುದು ಇನ್ನೊಂದು, ಹಕ್ಕು ಕೊಂಡವರದು ಮತ್ತೊಂದು, ಜೊತೆಗೆ ನಕ್ಷೆ. ಆಂಗ್ಲಿಕನ್ ಚರ್ಚಿನ ವಿಧಿಯಂತೆ ಪವಿತ್ರಗೊಳಿಸಿದ ಭಾಗ ಒಂದು, ಉಳಿದವರ ಭಾಗ ಇನ್ನೊಂದು. ಎರಡಕ್ಕೂ ಸಂಖ್ಯೆ 1ರಿಂದಲೇ ಆರಂಭವಾಗಿರುವ ಕಡೆ, 1432 ಎಂಬ ಗುಂಡಿ ಎರಡು ಕಡೆ ಇರುತ್ತದೆ. ಯಾವ ಭಾಗ ಎಂದು ಹೇಳುವ, ಸಂಖ್ಯೆಯ ಹಿಂದಿನ ಅಕ್ಷರ ಬಿಟ್ಟು ಬರೆದುಕೊಂಡು ಹೋದವರು ತಪ್ಪು ಮೂಲೆಯಲ್ಲಿ ಕಲ್ಲು ಹುಡುಕುತ್ತಾರೆ. ಅದೂ ಕಲ್ಲು ಇದ್ದರೆ. ಸಾರ್ವಜನಿಕ ಗುಂಡಿಯಲ್ಲಿ ಸಂಬಂಧವಿಲ್ಲದ ಹಲವರನ್ನು ಒಬ್ಬರ ಮೇಲೊಬ್ಬರಂತೆ ಹೂಳುತ್ತಿದ್ದರು, ಸಾಮಾನ್ಯವಾಗಿ ಹೆಸರಿನ ಕಲ್ಲು ಇರುತ್ತಿರಲಿಲ್ಲ.

ಡಿಜಿಟಲ್ ಕಾಲ ಈ ಪದರಗಳ ಮೇಲೆ ತನ್ನದೊಂದನ್ನು ಹಾಸಿತು. ಅಮೆರಿಕದ ಯೂಟಾದ ವಂಶಾವಳಿ ಸಂಘ 1938ರಲ್ಲೇ ಮೈಕ್ರೋಫಿಲ್ಮ್ ಕೆಲಸ ಆರಂಭಿಸಿತ್ತು. ನೂರು ವರ್ಷ ದಾಟಿದ ಪ್ಯಾರಿಷ್ ಪುಸ್ತಕಗಳು ದಾಖಲೆ ಕಚೇರಿಗೆ ಹೋಗಬೇಕೆಂಬ 1978ರ ನಿಯಮದಿಂದ ಅವು ಒಂದೆಡೆ ಸೇರಿದವು. ಫ್ರೀರೆಗ್‌ನಂಥ ಜಾಲತಾಣಗಳಿಗಾಗಿ ಸ್ವಯಂಸೇವಕರು ಅವನ್ನು ಟೈಪು ಮಾಡಿದರು. ಪೌರಸಂಸ್ಥೆಗಳ ರಿಜಿಸ್ಟರುಗಳನ್ನು ಒಟ್ಟುಮಾಡುವ ಡಿಸೀಸ್ಡ್ ಆನ್‌ಲೈನ್ ಎಂಬ ತಾಣ 2008ರಲ್ಲಿ ಬಂತು.

ಉಚ್ಚಾರ ಹೋಲುವ ಹೆಸರುಗಳನ್ನು ಒಟ್ಟಿಗೆ ತೋರಿಸಲು ಕೆಲವು ತಾಣಗಳು ಸೌಂಡೆಕ್ಸ್ ಎಂಬ ಸಂಕೇತ ಪದ್ಧತಿ ಬಳಸುತ್ತವೆ. ಇದಕ್ಕೆ 1918ರಲ್ಲಿ ಪೇಟೆಂಟ್ ಸಿಕ್ಕಿತು: ಮೊದಲ ಅಕ್ಷರ, ಜೊತೆಗೆ ಮೂರು ಅಂಕಿ. ಸ್ಮಿತ್ ಎಂಬುದನ್ನು ಐ ಹಾಕಿ ಬರೆದರೂ ವೈ ಹಾಕಿ ಬರೆದರೂ ಎಸ್ 530. ಆದರೆ ನೈಟ್ ಎಂಬ ಮನೆತನವನ್ನು ಗುಮಾಸ್ತನು ಮೊದಲಿನ ಕೆ ಬಿಟ್ಟು ಬರೆದಿದ್ದರೆ ಕೆ 523 ಹೋಗಿ ಎನ್ 230 ಆಗುತ್ತದೆ. ಸೌಂಡೆಕ್ಸ್ ಇಲ್ಲಿ ಕೈಕೊಡುತ್ತದೆ. ಆಗ ಮನೆತನದ ಹೆಸರನ್ನೇ ಖಾಲಿ ಬಿಟ್ಟು ಮೊದಲ ಹೆಸರು, ಪ್ಯಾರಿಷ್, ಐದು ವರ್ಷದ ಅವಧಿ ಕೊಡಬೇಕು. ಜಾನ್ ಎಂಬುದರ ಹ್ರಸ್ವರೂಪ ಜೆ-ಎನ್-ಒ. ಅದನ್ನು ಜೊನಾಥನ್ ಎಂದು ಬಿಡಿಸಿರುವುದೂ ಉಂಟು.

ಹೆಸರು ಸಿಕ್ಕ ಮೇಲೆ ನಿಲ್ಲಬಾರದು. ಗುಂಡಿಯ ಸಂಖ್ಯೆ ಇಟ್ಟುಕೊಂಡು ಅದೇ ಗುಂಡಿಯ ಪುಟ ಕೇಳಿ. ಖಾಸಗಿ ಗುಂಡಿಯಾಗಿದ್ದರೆ ಅಲ್ಲಿರುವವರೆಲ್ಲ ಸಾಲಾಗಿ ಸಿಗುತ್ತಾರೆ, ಬೇರೆ ಮನೆತನದ ಹೆಸರಿನ ಒಬ್ಬ ಹೆಂಗಸೂ ಸೇರಿದಂತೆ. ಬಹುಪಾಲು ಆಕೆ ಮದುವೆಯಾದ ಮಗಳು. ಅವಳ ಗಂಡನ ಕಡೆಯ ಕುಟುಂಬದ ಜಾಡು ಅಲ್ಲಿಂದ ಹಿಡಿಯಬಹುದು.