ಡಖಾವ್ ಕ್ಯಾಂಪಿನ ಶವ ಮಹಜರು

ಕ್ರಿಮಿನಲ್ ಸೈಡ್ ಪ್ರಾಕ್ಟೀಸ್ ಮಾಡ್ತಾ ಇಪ್ಪತ್ತು ವರ್ಷ ಆಯ್ತು. ಮನೆಯವರನ್ನ ಪೊಲೀಸ್ರು ಕರ್ಕೊಂಡು ಹೋದ್ರು ಸಾರ್ ಅಂತ ಯಾರಾದ್ರೂ ರಾತ್ರಿ ಫೋನ್ ಮಾಡಿದ್ರೆ ನಾನು ಕೇಳೋದು ಎರಡೇ, ಯಾವ ಕೇಸು, ಮ್ಯಾಜಿಸ್ಟ್ರೇಟ್ ಮುಂದೆ ಯಾವಾಗ ಹಾಜರು ಮಾಡ್ತಾರಂತೆ. ನಾಝಿ ಕ್ಯಾಂಪ್‌ಗಳು ಶುರುವಾಗಿದ್ದೇ ಈ ಎರಡು ಪ್ರಶ್ನೆ ಕೇಳೋಕೇ ಆಗದ ಹಾಗೆ ಮಾಡಿ.

ಕಾನ್ಸಂಟ್ರೇಶನ್ ಕ್ಯಾಂಪ್ ಅಂದ ತಕ್ಷಣ ನಮಗೆಲ್ಲ ಆಶ್‌ವಿಟ್ಸ್ ನೆನಪಾಗತ್ತೆ, ಆದ್ರೆ ಅದು ತೆರೆದಿದ್ದು 1940ರಲ್ಲಿ, ಅಷ್ಟೊತ್ತಿಗೆ ಈ ವ್ಯವಸ್ಥೆಗೆ ಏಳು ವರ್ಷ ಆಗಿತ್ತು. ಹಿಟ್ಲರ್ ಚಾನ್ಸಲರ್ ಆಗಿದ್ದು 1933ರ ಜನವರಿ 30, ಫೆಬ್ರವರಿ 27ರ ರಾತ್ರಿ ಪಾರ್ಲಿಮೆಂಟ್ ಕಟ್ಟಡಕ್ಕೆ ಬೆಂಕಿ ಬಿತ್ತು, ಮಾರನೇ ದಿನವೇ ಅಧ್ಯಕ್ಷ ಹಿಂಡನ್‌ಬರ್ಗ್ ಸಹಿಯ ತುರ್ತು ಆದೇಶ ಬಂತು. ಸಂವಿಧಾನದ ಏಳು ವಿಧಿ ಅಮಾನತು, ಅದರಲ್ಲಿ ಮೊದಲನೇದೇ ವ್ಯಕ್ತಿ ಸ್ವಾತಂತ್ರ್ಯ. ಅದರ ಬಲದಲ್ಲಿ ಹಿಡಿದು ಹಾಕೋದಕ್ಕೆ 'ಶುಟ್ಸ್‌ಹಾಫ್ಟ್' ಅಂದ್ರು, ಅಂದ್ರೆ ರಕ್ಷಣಾ ಬಂಧನ. ಆರೋಪ ಬೇಡ, ಚಾರ್ಜ್‌ಶೀಟ್ ಬೇಡ, ಎಷ್ಟು ದಿನ ಅಂತಾನೂ ಇಲ್ಲ. ಮೊದಲು ಸಿಕ್ಕವರು ಹೆಚ್ಚಾಗಿ ಕಮ್ಯುನಿಸ್ಟರು, ಆಮೇಲೆ ಸೋಶಿಯಲ್ ಡೆಮಾಕ್ರಾಟರು, ಕಾರ್ಮಿಕ ಸಂಘದವರು. ಜೈಲಲ್ಲಿ ಜಾಗ ಸಾಲದೆ ಸಿಕ್ಕ ಸಿಕ್ಕಲ್ಲಿ ಕೂಡಿಹಾಕಿದ್ರು, ಓರಾನಿಯನ್‌ಬರ್ಗ್‌ನಲ್ಲಂತೂ ಊರೊಳಗಿದ್ದ ಹಳೇ ಬಿಯರ್ ಕಾರ್ಖಾನೆನೇ ಕ್ಯಾಂಪ್ ಆಯ್ತು.

ಡಖಾವ್ ಶುರುವಾಗಿದ್ದು ಮಾರ್ಚ್ 22ಕ್ಕೆ, ಮ್ಯೂನಿಕ್ ಹತ್ರ, ಮುಚ್ಚಿಹೋಗಿದ್ದ ಮದ್ದುಗುಂಡಿನ ಕಾರ್ಖಾನೆಯಲ್ಲಿ. ಇದೇನೂ ಗುಟ್ಟಾಗಿ ಆಗ್ಲಿಲ್ಲ, ಆಗ ಮ್ಯೂನಿಕ್ ಪೊಲೀಸ್ ಮುಖ್ಯಸ್ಥನಾಗಿದ್ದ ಹಿಮ್ಲರ್ ಪತ್ರಕರ್ತರನ್ನ ಕರೆದು 5,000 ಜನ ಹಿಡಿಯೋ ಕ್ಯಾಂಪ್ ಅಂತ ಹೇಳಿದ್ದ, ಪೇಪರಲ್ಲೂ ಬಂತು. ಮೊದಲು ಕಾವಲಿಗಿದ್ದವರು ರಾಜ್ಯದ ಪೊಲೀಸರು. ಏಪ್ರಿಲ್ 11ಕ್ಕೆ ಎಸ್‌ಎಸ್ ಅನ್ನೋ ನಾಝಿ ಪಕ್ಷದ ಅರೆಸೇನಾ ಪಡೆಯ ಕೈಗೆ ಬಂತು, ಮಾರನೇ ದಿನವೇ ನಾಲ್ಕು ಜನ ಯಹೂದಿ ಕೈದಿಗಳಿಗೆ ಗುಂಡು ಹೊಡೆದ್ರು. ಓಡಿಹೋಗ್ತಿದ್ರು, ಅದಕ್ಕೆ ಹೊಡೆದ್ವಿ ಅನ್ನೋದು ಹೇಳಿಕೆ.

ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮನಸ್ಸಿಗೆ ತಟ್ಟಿದ್ದು ಇಲ್ಲಿಂದ ಮುಂದಿನ ಎರಡು ತಿಂಗಳು. ಯಾಕಂದ್ರೆ ಹಳೇ ಕ್ರಿಮಿನಲ್ ಕಾನೂನು ಇನ್ನೂ ಜೀವಂತ ಇತ್ತು, ಅಸಹಜ ಸಾವು ಅಂದ್ರೆ ಪ್ರಾಸಿಕ್ಯೂಟರ್ ಸ್ಥಳಕ್ಕೆ ಹೋಗಲೇಬೇಕು. ಜೋಸೆಫ್ ಹಾರ್ಟಿಂಗರ್ ಅನ್ನೋ ಸರ್ಕಾರಿ ವಕೀಲರು, ಡಾಕ್ಟರ್ ಮೋರಿಟ್ಸ್ ಫ್ಲಾಮ್ ಅವರನ್ನ ಜೊತೆಗೆ ಕರ್ಕೊಂಡು ಹೋದ್ರು. ಮೇ ತಿಂಗಳಲ್ಲಿ ಸಾವುಗಳು ಒಂದರ ಹಿಂದೆ ಒಂದು ಬಂದ್ವು, ಕ್ಯಾಂಪಿನವರು ಆತ್ಮಹತ್ಯೆ ಅಂತ ಬರೆದ್ರೆ ಫ್ಲಾಮ್ ಅವರ ಪೋಸ್ಟ್‌ಮಾರ್ಟಮ್ ಬೇರೇನೇ ಹೇಳ್ತಿತ್ತು.

ಮೇ 24ರದ್ದು ನೋಡಿ. ಆಲ್ಫ್ರೆಡ್ ಸ್ಟ್ರೌಸ್, ಮೂವತ್ತು ವರ್ಷದ ವಕೀಲ, ನಮ್ಮ ವೃತ್ತಿಯವರೇ. ಡಾಕ್ಟ್ರು ಹೇಳಿದ್ರು ಅಂತ ಬೇಲಿ ಹೊರಗೆ ವಾಕಿಂಗ್ ಕರ್ಕೊಂಡು ಹೋಗಿದ್ದೆ, ಪೊದೆ ಕಡೆ ಓಡಿದ, ಎಂಟು ಮೀಟರ್ ದೂರದಿಂದ ಎರಡು ಗುಂಡು ಹಾರಿಸಿದೆ ಅಂತ ಕಾವಲಿನವನ ಹೇಳಿಕೆ. ಮಹಜರಲ್ಲಿ ಬರೆದಿರೋದು ಇಷ್ಟು: ಹೆಣದ ಕಾಲಲ್ಲಿ ಚರ್ಮದ ಚಪ್ಪಲಿ, ಒಂದು ಕಾಲಿಗೆ ಕಾಲುಚೀಲ, ಇನ್ನೊಂದು ಬರಿಗಾಲು, ಆ ಕಾಲಿಗೆ ಗಾಯ ಆಗಿತ್ತು ಅನ್ನೋದು ನೋಡಿದ್ರೇನೇ ಗೊತ್ತಾಗ್ತಿತ್ತು. ಎರಡೂ ಗುಂಡು ಹೊಕ್ಕಿದ್ದು ತಲೆಯ ಹಿಂಭಾಗಕ್ಕೆ. ಮೈಮೇಲೆ ಬಾಸುಂಡೆ, ತೆರೆದ ಗಾಯ. ಗಾಯದ ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ಬಂದೂಕಿನ ಮುಂದೆ ಯಾರು ಓಡ್ತಾರೆ? ಆ ಕಾಲುಚೀಲವನ್ನ ಬರೆದಿಟ್ಟ ಕೈಗೆ ನಾನು ನಮಸ್ಕಾರ ಮಾಡ್ತೀನಿ.

ಹಾರ್ಟಿಂಗರ್ ಜೂನ್ ಶುರುವಲ್ಲಿ ಕಮಾಂಡೆಂಟ್ ವೆಕರ್ಲ, ಕ್ಯಾಂಪ್ ಡಾಕ್ಟರ್ ಇವರ ಮೇಲೂ ಆರೋಪ ಸಿದ್ಧ ಮಾಡಿದ್ರು, ಮೇಲಧಿಕಾರಿ ಹಿಂಜರಿದ್ರೂ ಅವರು ಬಿಡಲಿಲ್ಲ. ಕಟಕಟೆಗೆ ಯಾರೂ ಬರಲಿಲ್ಲ. ಫೈಲ್ ಸರ್ಕಾರದ ಕಪಾಟು ಸೇರ್ತು, ವೆಕರ್ಲ ಎತ್ತಂಗಡಿ ಆದ, ಅವನ ಜಾಗಕ್ಕೆ ಥಿಯೋಡೋರ್ ಐಕೆ ಬಂದ.

ಐಕೆ ಬಂದ ಮೇಲೆ ಆಗಿದ್ದೇ ನಿಜವಾದ ಶುರು. ಅಕ್ಟೋಬರ್ 1ಕ್ಕೆ ಬರವಣಿಗೆಯಲ್ಲಿ ಶಿಸ್ತಿನ ನಿಯಮ ತಂದ, ಪ್ರಚೋದನೆ ಮಾಡಿದ್ರೆ ನೇಣು, ಓಡೋ ಕೈದಿಗೆ ಎಚ್ಚರಿಕೆ ಇಲ್ಲದೆ ಗುಂಡು, ಹೊಡೆದ ಕಾವಲಿನವನಿಗೆ ಶಿಕ್ಷೆ ಇಲ್ಲ. ಅಂದ್ರೆ ಏಪ್ರಿಲಲ್ಲಿ ಸುಳ್ಳು ಹೇಳಿಕೆಯಾಗಿದ್ದ ಮಾತೇ ಅಕ್ಟೋಬರಲ್ಲಿ ರೂಲ್ ಆಗಿ ಕೂತ್ಕೊಂಡ್ತು. 1934ರಲ್ಲಿ ಅವನನ್ನೇ ಎಲ್ಲ ಕ್ಯಾಂಪ್‌ಗಳ ಇನ್ಸ್‌ಪೆಕ್ಟರ್ ಮಾಡಿದ್ರು, ಸಾಕ್ಸನ್‌ಹೌಸನ್ 1936, ಬೂಕನ್‌ವಾಲ್ಡ್ 1937, ಎಲ್ಲ ಡಖಾವ್ ಮಾದರಿನೇ. 1936ರ ಫೆಬ್ರವರಿಯಲ್ಲಿ ಜರ್ಮನಿಯ ದೊಡ್ಡ ರಾಜ್ಯ ಪ್ರಷ್ಯಾದಲ್ಲಿ ಬಂದ ಕಾಯ್ದೆ ಪ್ರಕಾರ ಗೆಸ್ಟಾಪೋ, ಅಂದ್ರೆ ನಾಝಿ ಗುಪ್ತ ಪೊಲೀಸ್ ಆದೇಶವನ್ನ ಕೋರ್ಟ್ ಪರಿಶೀಲಿಸೋ ಹಾಗೇ ಇರ್ಲಿಲ್ಲ.

ಹಾರ್ಟಿಂಗರ್ ಬದುಕುಳಿದ್ರು, 1984ರವರೆಗೂ ಇದ್ರು. ಫ್ಲಾಮ್ 1934ರಲ್ಲೇ ತೀರಿಕೊಂಡ್ರು. ಯುದ್ಧ ಮುಗಿದ ಮೇಲೆ ಆ ಕಾಗದಗಳು ಅಮೆರಿಕನ್ನರ ಕೈಗೆ ಸಿಕ್ಕಿ ನಾಝಿ ನಾಯಕರ ಮೇಲಿನ ನ್ಯೂರೆಂಬರ್ಗ್ ವಿಚಾರಣೆಗೆ ಹೋದ್ವು, ಸ್ಟ್ರೌಸ್ ಅವರ ಒಂಟಿ ಕಾಲುಚೀಲದ ಸಾಲು ಅದರೊಳಗೆ ಹಾಗೇ ಇತ್ತು.