ಒಂದೇ ಪ್ಲಾನ್, ಎರಡು ಶೀಟ್

ಮೈಸೂರು, ಮಂಡ್ಯ ಕಡೆ ಮೂವತ್ತು-ನಲವತ್ತರ ಸೈಟಿನ ಮನೆಗೂ ಎರಡು ಬಗೆಯ ಡ್ರಾಯಿಂಗ್ ಬೇಕಾಗುತ್ತದೆ. ಮಂಜೂರಾತಿಗೆ ಮೀಟರ್ ಲೆಕ್ಕದ್ದು, ಮೇಸ್ತ್ರಿಗೆ ಅಡಿ-ಇಂಚಿನದು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಆಟೋಕ್ಯಾಡ್‌ನಲ್ಲಿ ಗೆರೆ ಎಳೆಯುವಷ್ಟು ಕಲಿತವರು ಒಂದನ್ನು ಮುಗಿಸಿ, ಅದನ್ನೇ ಕಾಪಿ ಮಾಡಿ ಅಳತೆ ಬದಲಿಸುತ್ತಾರೆ. ಆಮೇಲೆ ಮನೆಯವರು ಬಚ್ಚಲಿನ ಗೋಡೆ ಅರ್ಧ ಅಡಿ ಸರಿಸಿ ಅಂದರೆ ಒಂದು ಕಾಪಿ ತಿದ್ದಿ ಇನ್ನೊಂದು ಮರೆತುಹೋಗುತ್ತದೆ. ಮೇಸ್ತ್ರಿ ಪಾಯ ತೆಗೆಯುವುದು ಹಳೆಯ ಕಾಪಿ ನೋಡಿ. ಹೊಸಬರು ತ್ರೀಡಿ, ರೆಂಡರಿಂಗ್‌ಗೆ ಕೈಹಾಕುವ ಮೊದಲೇ ಎಕ್ಸ್‌ರೆಫ್ (ಒಂದು ಫೈಲನ್ನು ಕಾಪಿ ಮಾಡದೆ ಇನ್ನೊಂದರೊಳಗೆ ಕೊಂಡಿಯಾಗಿ ತೋರಿಸುವುದು) ಮತ್ತು ಲೇಔಟ್ (ಪ್ರಿಂಟಿನ ಹಾಳೆಯನ್ನು ಜೋಡಿಸುವ ಪುಟ) ಕಲಿಯಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಪ್ಲಾನ್ ಫೈಲಿನಲ್ಲಿ ಗೋಡೆ, ಬಾಗಿಲು, ಕಿಟಕಿ, ಅಳತೆ ಇಷ್ಟೇ ಇರಲಿ, ಟೈಟಲ್ ಬ್ಲಾಕ್ (ಹೆಸರು, ಸ್ಕೇಲ್ ಬರೆಯುವ ಚೌಕ) ಬೇಡ. ಮಿಲಿಮೀಟರ್‌ನಲ್ಲಿ, ಪೂರ್ಣ ಅಳತೆಗೆ ಬರೆಯಿರಿ: 30 ಅಡಿ ಅಂದರೆ 9144, 40 ಅಡಿ ಅಂದರೆ 12192. ಫೈಲಿನ ಅಳತೆ ಯಾವ ಮಾನದ್ದು ಎಂದು ಹೇಳುವ ಇನ್ಸ್‌ಯೂನಿಟ್ಸ್ ಸೆಟ್ಟಿಂಗಿನ ಬೆಲೆ 4 (ಮಿಲಿಮೀಟರ್) ಇದೆಯೇ ನೋಡಿಕೊಳ್ಳಿ. ಇಂಚಿನಲ್ಲಿ ಬರೆದ ಫೈಲಿಗೆ 4 ಎಂದಿದ್ದರೆ 40 ಅಡಿಯ ಸೈಟು 480 ಮಿಲಿಮೀಟರ್ ಆಗಿ ಬಂದು ಕೂರುತ್ತದೆ. ಬೇರೆಯವರಿಂದ ಬಂದ ಫೈಲುಗಳಲ್ಲಿ ಇದು ತೀರಾ ಸಾಮಾನ್ಯ. ಆ ಫೈಲಿನಲ್ಲಿ ಬೆಲೆಯನ್ನು 1 (ಇಂಚು) ಮಾಡಿ ಉಳಿಸಿ, ಎಕ್ಸ್‌ರೆಫ್ ಡಿಟ್ಯಾಚ್ ಮಾಡಿ ಮತ್ತೆ ಜೋಡಿಸಿ.

ಈಗ ಮಂಜೂರಾತಿಗೊಂದು, ಮೇಸ್ತ್ರಿಗೊಂದು ಎಂದು ಎರಡು ಶೀಟ್ ಫೈಲ್ ತೆರೆದು, ಎರಡಕ್ಕೂ ಅದೇ ಪ್ಲಾನನ್ನು 0,0,0ಕ್ಕೆ ಎಕ್ಸ್‌ರೆಫ್ ಮಾಡಿ. ಅಟ್ಯಾಚ್ ಬದಲು ಓವರ್‌ಲೇ ಆರಿಸಿ; ಎಲೆಕ್ಟ್ರಿಕಲ್ ಫೈಲಿಗೆ ಪ್ಲಾನ್ ತರುವಾಗಲೂ ಹಾಗೆಯೇ. ಅಲ್ಲಿ ಅಟ್ಯಾಚ್ ಆಗಿದ್ದರೆ, ಪ್ಲಾನನ್ನು ಹೊತ್ತ ಆ ಫೈಲನ್ನು ಮುಂದೆ ಇದೇ ಶೀಟಿಗೆ ತಂದಾಗ ಪ್ಲಾನ್ ಒಂದರ ಮೇಲೊಂದು ಎರಡು ಸಲ ಬೀಳುತ್ತದೆ. ಪಾತ್ (ಪ್ಲಾನ್ ಫೈಲಿನ ವಿಳಾಸ) ರಿಲೇಟಿವ್ ಇರಲಿ, ಇಲ್ಲದಿದ್ದರೆ ಫೋಲ್ಡರನ್ನು ಬೇರೆ ಕಂಪ್ಯೂಟರಿಗೆ ಒಯ್ದಾಗ ಪ್ಲಾನ್ ಸಿಗದೇ ಹೋಗಬಹುದು.

ಹೆಚ್ಚು ಜನ ಎಡವುವುದು ಅಳತೆಯಲ್ಲಿ. ಪ್ಲಾನ್ ಫೈಲಿನಲ್ಲೇ ಎರಡು ಡೈಮೆನ್ಷನ್ ಸ್ಟೈಲ್, ಎರಡು ಲೇಯರ್ ಮಾಡಿ. ಮೀಟರಿನ ಸ್ಟೈಲಿಗೆ ಸ್ಕೇಲ್ ಫ್ಯಾಕ್ಟರ್ (ಮಿಲಿಮೀಟರನ್ನು ಗುಣಿಸಿ ತೋರಿಸುವ ಅಂಕೆ) 0.001. ಅಡಿಯದಕ್ಕೆ ಯೂನಿಟ್ ಆರ್ಕಿಟೆಕ್ಚರಲ್, ಫ್ಯಾಕ್ಟರ್ 0.0393701. ಇದನ್ನು 0.0394 ಎಂದು ಮೊಟಕು ಮಾಡಬೇಡಿ, 40 ಅಡಿಯಲ್ಲಿ ಮೂರು ಎಂಟಾಂಶ ಇಂಚು ಹೆಚ್ಚಿಗೆ ತೋರಿಸುತ್ತದೆ. ಅಳತೆಯನ್ನು ಗೆರೆಗೆ ಅಂಟಿಸುವ ಡಿಮ್‌ಅಸೋಕ್ ಸೆಟ್ಟಿಂಗ್ 2 ಇದ್ದರೆ ಗೋಡೆ ಸರಿದಂತೆ ಎರಡೂ ಅಳತೆ ತಾವೇ ಬದಲಾಗುತ್ತವೆ. ಎರಡೂ ಸ್ಟೈಲ್ ಅನೊಟೇಟಿವ್ (ಸ್ಕೇಲಿಗೆ ತಕ್ಕಂತೆ ಅಕ್ಷರದ ಗಾತ್ರ ಹೊಂದಿಕೊಳ್ಳುವಂಥದ್ದು) ಇರಲಿ, ಹಾಳೆಯ ಮೇಲೆ ಅಕ್ಷರದ ಎತ್ತರ 2.5 ಮಿಲಿಮೀಟರ್. ಮೀಟರಿನ ಅಳತೆ ಹಾಕುವ ಮೊದಲು ಪರದೆಯ ಕೆಳಗಿನ ಪಟ್ಟಿಯಲ್ಲಿ 1:100, ಅಡಿಯದಕ್ಕೆ 1:50 ಆರಿಸಿಕೊಳ್ಳಿ. ವ್ಯೂಪೋರ್ಟಿನಲ್ಲಿ (ಲೇಔಟಿನಲ್ಲಿ ಪ್ಲಾನ್ ಕಾಣುವ ಕಿಂಡಿ) ಅಳತೆಯೇ ಮಾಯವಾಗಿದೆ ಎಂಬ ದೂರಿಗೆ ಬಹುಪಾಲು ಕಾರಣ, ಆ ಅಳತೆಗೆ ಆ ಸ್ಕೇಲ್ ಸೇರಿಸದಿರುವುದು.

ಲೇಔಟಿನಲ್ಲಿ ವ್ಯೂಪೋರ್ಟ್ ತೆರೆದು, ಸ್ಕೇಲ್ ಕೊಟ್ಟು, ಕೂಡಲೇ ಲಾಕ್ ಮಾಡಿ. ಲಾಕ್ ಇಲ್ಲದಿದ್ದರೆ ಒಳಗಡೆ ಮೌಸ್ ಚಕ್ರ ತಿರುಗಿದರೂ ಸ್ಕೇಲ್ ಕೆಡುತ್ತದೆ. ಬೇಡದ ಅಳತೆಯ ಲೇಯರನ್ನು ವಿಪಿ ಫ್ರೀಜ್ ಮಾಡಿ, ಅಂದರೆ ಆ ವ್ಯೂಪೋರ್ಟಿನಲ್ಲಿ ಮಾತ್ರ ಮರೆಮಾಡಿ. 1:50ರಲ್ಲಿ ಈ ಸೈಟು ಸುಮಾರು 183 × 244 ಮಿಲಿಮೀಟರ್, ಎ3 ಹಾಳೆಯಲ್ಲಿ ಟೈಟಲ್ ಬ್ಲಾಕಿಗೂ ಜಾಗ ಉಳಿಯುತ್ತದೆ.

ಪ್ಲಾಟ್ ಮಾಡುವಾಗ ಫಿಟ್ ಟು ಪೇಪರ್ ತೆಗೆದು 1:1 ಇಡಿ. ಪಿಡಿಎಫ್ ಒಯ್ದರೆ ಜೆರಾಕ್ಸ್ ಅಂಗಡಿಯವರಿಗೂ ಆಕ್ಚುಯಲ್ ಸೈಜ್ ಎಂದೇ ಹೇಳಿ. ಹಾಳೆ ಕೈಗೆ ಬಂದ ಮೇಲೆ ಅಲ್ಲೇ ಸ್ಕೇಲ್ ಇಟ್ಟು ಸೈಟಿನ 30 ಅಡಿಯ ಬದಿ ಅಳೆಯಿರಿ. 1:100ರಲ್ಲಿ ಅದು 91.4 ಮಿಲಿಮೀಟರ್ ಇರಬೇಕು. 88ರ ಆಸುಪಾಸು ಬಂದರೆ ಪ್ರಿಂಟರ್ ಹಾಳೆಗೆ ಹೊಂದಿಸಿ ಕುಗ್ಗಿಸಿದೆ, ಮತ್ತೆ ತೆಗೆಸಿ.