ಅಡಿಗೆರೆ ಸಾಕೋ, ತಿದ್ದಿ ಬರೆಯಬೇಕೋ?

ಎರಡನೆಯ ಭಾಷೆಯ ಬರಹವನ್ನು ತಿದ್ದುವ ಪಾಠದಲ್ಲಿ ನಾನು ಎಡವಿದ್ದು ಒಂದೇ ಕಡೆ. ನೇರ ತಿದ್ದುಪಡಿಯಲ್ಲಿ ಸರಿರೂಪವನ್ನು ನಾವೇ ಬರೆದುಕೊಡುತ್ತೇವೆ. ಪರೋಕ್ಷ ತಿದ್ದುಪಡಿಯಲ್ಲಿ ತಪ್ಪಿನ ಕೆಳಗೆ ಗೆರೆ ಎಳೆದು ಸುಮ್ಮನಾಗುತ್ತೇವೆ. ‘ವಿಭಕ್ತಿ’ ಎಂಬಂಥ ಸುಳಿವನ್ನು ಅಂಚಿನಲ್ಲಿ ಬರೆಯುವುದನ್ನು ಭಾಷಾ ಕಲಿಕೆಯ ಸಂಶೋಧಕ ರಾಡ್ ಎಲಿಸ್ 2009ರ ವರ್ಗೀಕರಣದಲ್ಲಿ ಬೇರೆಯೇ ಬಗೆಯಾಗಿ ಎಣಿಸಿದ್ದಾರೆ. ಇಷ್ಟು ಸುಲಭ. ಕಲಿಯುವವರೇ ತಲೆ ಓಡಿಸಬೇಕಾದ್ದರಿಂದ ಗೆರೆಯೇ ಯಾವಾಗಲೂ ಮೇಲು ಎಂದು ನಂಬಿಕೊಂಡಿದ್ದೆ. ಅಲ್ಲಿ ಕೆಟ್ಟೆ.

ಕನ್ನಡ ಕಲಿಯುತ್ತಿದ್ದ ಒಬ್ಬಾಕೆ ‘ನಾನು ಹಸಿವಾಗಿದೆ’ ಎಂದು ಬರೆದಿದ್ದಳು. ‘ನಾನು’ ಎಂಬುದರ ಕೆಳಗೆ ಗೆರೆ ಎಳೆದೆ. ತಿದ್ದಿ ತಂದದ್ದು: ‘ನಾನು ಹಸಿವಾಗಿದ್ದೇನೆ’. ನಕ್ಕುಬಿಟ್ಟೆ, ಆಮೇಲೆ ನಾಚಿಕೆಯಾಯಿತು. ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ಇಲ್ಲವೆಂದು ಆಕೆ ಸರಿಯಾಗಿಯೇ ಊಹಿಸಿದ್ದಳು. ಇಲ್ಲಿ ಚತುರ್ಥಿ ಬೇಕು, ‘ನನಗೆ’ ಆಗಬೇಕು ಎಂಬುದು ಮಾತ್ರ ಆಕೆಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಗೆರೆ ಹೇಗೆ ನೆನಪಿಸೀತು?

ಭಾಷಾವಿಜ್ಞಾನಿ ಪಿಟ್ ಕಾರ್ಡರ್ 1967ರಲ್ಲಿ ಮಾಡಿದ ವಿಂಗಡಣೆ ಆಗ ತಲೆಗೆ ಹತ್ತಿತು: ಗೊತ್ತಿದ್ದೂ ಕೈತಪ್ಪುವುದು ಬೇರೆ, ಕಲಿಯುವವರ ತಲೆಯೊಳಗಿನ ನಿಯಮವೇ ಬೇರೆಯಾಗಿರುವುದು ಬೇರೆ. ಮೊದಲನೆಯದಕ್ಕೆ ಗೆರೆ ಸಾಕು. ಎರಡನೆಯದಕ್ಕೆ ಸರಿರೂಪವನ್ನು ಬರೆದು, ಪಕ್ಕದಲ್ಲಿ ಒಂದು ಸಾಲಿನ ಕಾರಣವನ್ನೂ ಕೊಡಬೇಕು.

ಯಾವುದು ಯಾವುದೆಂದು ತಿಳಿಯುವುದಕ್ಕೆ ನನ್ನದೊಂದು ಅಡ್ಡದಾರಿ ಇದೆ. ಅದೇ ರೂಪ ಅದೇ ಹಾಳೆಯಲ್ಲಿ ಬೇರೆಲ್ಲಾದರೂ ಸರಿಯಾಗಿ ಬಂದಿದೆಯೇ ಎಂದು ಹುಡುಕುತ್ತೇನೆ. ಬಂದಿದ್ದರೆ ಗೆರೆ, ಎಲ್ಲ ಕಡೆಯೂ ತಪ್ಪಾಗಿದ್ದರೆ ನೇರ ತಿದ್ದುಪಡಿ. ಆದರೆ ಇದರಲ್ಲೂ ಒಂದು ಗುಂಡಿ ಇದೆ. ಆಕೆಯ ಅದೇ ಹಾಳೆಯಲ್ಲಿ ‘ನನಗೆ ಗೊತ್ತಿಲ್ಲ’ ಎಂದು ಅಚ್ಚುಕಟ್ಟಾಗಿ ಇತ್ತು! ಅದು ನಿಯಮ ತಿಳಿದು ಬರೆದದ್ದಲ್ಲ. ಇಡಿಯಾಗಿ ಬಾಯಿಪಾಠವಾದ ಮಾತು. ಅಂಥ ಸಿದ್ಧ ನುಡಿಗಟ್ಟುಗಳನ್ನು ಲೆಕ್ಕಕ್ಕೆ ಹಿಡಿಯಬಾರದು. ಈ ಒಂದು ವಿಷಯಕ್ಕೆ ನನಗೆ ಎರಡು ದಿನ ಹಿಡಿಯಿತು.

ಇನ್ನು ವಾದದ ಭಾಗ. 1996ರಲ್ಲಿ ಸಂಶೋಧಕ ಜಾನ್ ಟ್ರಸ್ಕಾಟ್ ವ್ಯಾಕರಣ ತಿದ್ದುವುದರಿಂದ ಪ್ರಯೋಜನವಿಲ್ಲ, ಅದನ್ನು ಕೈಬಿಡಬೇಕು ಎಂದರು. 1999ರಲ್ಲಿ ಇನ್ನೊಬ್ಬ ಸಂಶೋಧಕಿ ಡೇನಾ ಫೆರಿಸ್ ಅದಕ್ಕೆ ಉತ್ತರ ಕೊಟ್ಟರು. ಅವರು ನಿಯಮಕ್ಕೆ ಸಿಗುವ ತಪ್ಪುಗಳನ್ನೂ ಸಿಗದ ತಪ್ಪುಗಳನ್ನೂ ಬೇರ್ಪಡಿಸಿದ್ದು ನನಗೆ ಹೆಚ್ಚು ಉಪಯೋಗಕ್ಕೆ ಬಂತು. ‘ಅವರು ಬಂದನು’ ಎಂಬುದಕ್ಕೆ ನಿಯಮ ತೋರಿಸಬಹುದು. ‘ಪರೀಕ್ಷೆ ತೆಗೆದುಕೊಂಡೆ’ ಎಂಬುದಕ್ಕೆ ಯಾವ ನಿಯಮ ತೋರಿಸುವುದು? ಕನ್ನಡದಲ್ಲಿ ಪರೀಕ್ಷೆ ‘ಬರೆಯುತ್ತೇವೆ’, ಅಷ್ಟೇ. ಬರೆದುಕೊಟ್ಟುಬಿಡಿ.

ಹಾಗೆಂದು ಟ್ರಸ್ಕಾಟ್ ಅವರನ್ನು ಪೂರ್ತಿ ಬದಿಗಿಡಲಾರೆ. ತಿದ್ದಿದ ಪ್ರತಿ ಚೆನ್ನಾಗಿದ್ದ ಮಾತ್ರಕ್ಕೆ ಕಲಿತಂತಾಗಲಿಲ್ಲ. ಹೊಸ ಬರಹದಲ್ಲಿ ನೋಡಬೇಕು. ‘ಹಸಿವು, ಬಾಯಾರಿಕೆ, ನಿದ್ದೆ ಬಂದರೆ ನನಗೆ’ ಎಂದು ಅಂಚಿನಲ್ಲಿ ಬರೆದುಕೊಟ್ಟ ಮೇಲೆ ಆಕೆಯ ಮುಂದಿನ ಬರಹದಲ್ಲಿ ‘ನನಗೆ ಬಾಯಾರಿಕೆಯಾಯಿತು’ ಎಂದಿತ್ತು. ಹಿಗ್ಗಿದೆ. ಮರುಸಾಲಿನಲ್ಲೇ ‘ನನಗೆ ನೀರು ಕುಡಿದೆ’. ಉಳಿದೆಡೆ ‘ನಾನು ಹೋದೆ’, ‘ನಾನು ತಿಂದೆ’ ಎಲ್ಲವೂ ಸರಿಯಾಗಿದ್ದವು. ಈ ಬಾರಿ ಬರಿಯ ಗೆರೆ ಎಳೆದೆ.